ಹಾವಿನ ಟ್ಯಾಂಕಿಗೆ ಹೀಟ್ ಮ್ಯಾಟಾ, ಹ್ಯಾಲೋಜನ್ನಾ, ಸೆರಾಮಿಕ್ಕಾ? ನನ್ನ ಓಟು ಸೆರಾಮಿಕ್‌ಗೆ

ಮೂರೂ ಹಾಕಿ ನೋಡಿದೀನಿ, ಈಗ ಟ್ಯಾಂಕಲ್ಲಿ ಉಳ್ಕೊಂಡಿರೋದು ಸೆರಾಮಿಕ್ ಹೀಟರ್ (ಬಲ್ಬಿನ ಥರ ಹೋಲ್ಡರ್‌ಗೆ ಹಾಕೋದು, ಬಿಸಿ ಮಾತ್ರ ಕೊಡುತ್ತೆ) ಒಂದೇ. ನಾವಿರೋದು ಅಮೆರಿಕದ ಮಿನಿಯಾಪೊಲಿಸ್, ಚಳಿಗಾಲದಲ್ಲಿ ಹೊರಗೆ ಮೈನಸ್ 20, ರಾತ್ರಿ ಮನೆಯೊಳಗೂ 18ಕ್ಕೆ ಇಳಿಯುತ್ತೆ. ಹಾವು ಬಾಲ್ ಪೈಥಾನ್, ಮೂಲ ಆಫ್ರಿಕಾ, ಅದಕ್ಕೆ ಬಿಸಿ ಕಡೆ 31-32 ಡಿಗ್ರಿ, ತಂಪು ಕಡೆ 25-26 ಇರ್ಲೇಬೇಕು. (ಊರಲ್ಲಿರೋರು ಇದನ್ನ ಓದಿ ಕೇರೆ ಹಾವು ಹಿಡಿದು ತರ್ಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅದು.)

ಮೊದಲು ತಗೊಂಡಿದ್ದು ಹೀಟ್ ಮ್ಯಾಟ್, ಅಗ್ಗ ಅಂತ. ಗಾಜಿನ ತಳಕ್ಕೆ ಹೊರಗಿಂದ ಅಂಟಿಸೋದು, ಥರ್ಮೋಸ್ಟ್ಯಾಟ್‌ನ (ಬಿಸಿ ಹತೋಟಿಲಿಡೋ ಸಾಧನ) ಪ್ರೋಬು, ಅಂದ್ರೆ ಬಿಸಿ ಅಳೆಯೋ ವೈರಿನ ತುದಿ, ಒಳಗಡೆ ಮ್ಯಾಟಿನ ನೇರಕ್ಕೆ ಬರ್ಬೇಕು. ಎಡವಟ್ಟಾಗಿದ್ದು ಈ ಪ್ರೋಬಿನಿಂದ್ಲೇ. ನಾನು ಅದನ್ನ ಗಾಜಿಗೆ ಕೂರಿಸ್ದೆ ಕೊಕೊಪೀಟ್ (ತಳಕ್ಕೆ ಹಾಸಿರೋ ತೆಂಗಿನ ನಾರಿನ ಪುಡಿ) ಕೆಳಗೆ ಸುಮ್ನೆ ತುರುಕಿದ್ದೆ, ಹಾವು ರಾತ್ರಿ ಮೂತಿಯಿಂದ ತಳ್ಳಿ ತಳ್ಳಿ ತಂಪು ಕಡೆಗೆ ಸರಿಸಿಬಿಟ್ಟಿದೆ, ಅಲ್ಲಿ 26 ಇದೆ, ಥರ್ಮೋಸ್ಟ್ಯಾಟ್ ಇನ್ನೂ ಬಿಸಿ ಸಾಲ್ದು ಅಂದ್ಕೊಂಡು ಮ್ಯಾಟನ್ನ ಕಾಯಿಸ್ತಾನೇ ಇದೆ.

ನನಗೆ ಗೊತ್ತಾಗಿದ್ದು ಮೂರು ದಿನ ಬಿಟ್ಟು. ಯಾಕಂದ್ರೆ ಈ ಜಾತಿ ಹಗಲೆಲ್ಲ ಸುರುಳಿ ಸುತ್ಕೊಂಡು ಬಿದ್ದಿರೋದೇ, ಕಾಡಲ್ಲಾದ್ರೆ ಇಲಿ ಬಿಲ, ಗೆದ್ದಲ ಹುತ್ತ, ಓಡಾಟ ಏನಿದ್ರೂ ಕತ್ತಲಾದ್ಮೇಲೆ. ರೆಪ್ಪೆ ಇಲ್ಲ, ಮಲಗಿದ್ರೂ ಕಣ್ಣು ಹಾಗೇ ಇರುತ್ತೆ, ನಿದ್ದೆನೋ ಸಂಕಟನೋ ಮುಖ ನೋಡಿ ಹೇಳೋಕಾಗಲ್ಲ. ಎಲ್ಲಿ ಮಲಗಿದೆ ಅಂತ ನೋಡ್ಬೇಕು. ನಮ್ದು ಬಿಸಿ ಕಡೆ ಗೂಡು ಬಿಟ್ಟು ನೀರಿನ ಬಟ್ಟಲಲ್ಲಿ ಮುದುರ್ಕೊಂಡಿತ್ತು, ಪೊರೆ ಬಿಡೋಕಿರ್ಬೇಕು ಅಂದ್ಕೊಂಡೆ. ಆದ್ರೆ ಕಣ್ಣು ಹಾಲುಬಣ್ಣಕ್ಕೆ ತಿರುಗಿರ್ಲಿಲ್ಲ, ಆಗ್ಲೇ ಅನುಮಾನ ಬರ್ಬೇಕಿತ್ತು. ಪುಡಿ ಸರಿಸಿ ಟೆಂಪರೇಚರ್ ಗನ್ ಹಿಡಿದ್ರೆ ಗಾಜು 47! ಅಂಗೈ ಇಟ್ಟು ಹತ್ತು ಎಣಿಸೋಕಾಗ್ಲಿಲ್ಲ. ಪಾಪ, ಅದರ ಹೊಟ್ಟೆ ಸುಡದೇ ಉಳೀತು, ಅಷ್ಟೇ ಸಾಕು ನನಗೆ.

ಪ್ರೋಬ್ ಟೇಪ್ ಹಾಕಿ ಭದ್ರ ಮಾಡಿದ್ರೂ ಮ್ಯಾಟು ಗಾಳಿ ಬಿಸಿ ಮಾಡಲ್ಲ, ತಳ ಮಾತ್ರ. ನಮ್ಮ ಚಳಿಗೆ ಸಾಲ್ದು.

ಹ್ಯಾಲೋಜನ್ ಹಗಲಿಗೆ ಚೆನ್ನಾಗಿದೆ, ಬಿಸಿಲಿನ ಥರ ಮೇಲಿಂದ ಕಾಯಿಸುತ್ತೆ. ರಾತ್ರಿ ಬೆಳಕು ಇರಬಾರದಲ್ಲ, ಆರಿಸಿದ್ರೆ ಬೇರೆ ಹೀಟರ್ ಬೇಕು, ಜೊತೆಗೆ ಬಲ್ಬಿನ ಪವರ್ ಏರಿಸಿ ಇಳಿಸೋ ಡಿಮ್ಮಿಂಗ್ ಥರ್ಮೋಸ್ಟ್ಯಾಟ್. ಡಬಲ್ ಖರ್ಚು.

ಸೆರಾಮಿಕ್ 100 ವ್ಯಾಟಿನದು, ಬೆಳಕೇ ಇಲ್ಲ. ನನಗೆ ರಾತ್ರಿ ಹನ್ನೊಂದರವರೆಗೂ ಬೆಂಗಳೂರು ಟೀಮ್ ಜೊತೆ ಕಾಲ್ ಇರುತ್ತೆ, ಕತ್ತಲಲ್ಲಿ ಪಕ್ಕದಲ್ಲೇ ಹಾವು ಆರಾಮಾಗಿ ಓಡಾಡ್ಕೊಂಡಿರುತ್ತೆ. ಹೋಲ್ಡರ್ ಮಾತ್ರ ಪಿಂಗಾಣಿದೇ ತಗೊಳಿ, ಪ್ಲಾಸ್ಟಿಕ್ ಕರಗುತ್ತೆ, ಹಾವು ಮುಟ್ಟೋಕಾಗದ ಹಾಗೆ ಜಾಲರಿ ಆಚೆ ಇಡಿ. ಸೆರಾಮಿಕ್ ಗಾಳಿಯ ತೇವ ಎಳ್ಕೊಳ್ಳುತ್ತೆ ಅನ್ನೋದು ನಿಜ, ತೇವಾಂಶ 60% ಇದ್ದಿದ್ದು 40%ಗೆ ಬಂತು, ಈಗ ಮೂಲೆಗಳಲ್ಲಿ ಕೊಕೊಪೀಟ್‌ಗೆ ಒಂದೊಂದು ಲೋಟ ನೀರು ಹುಯ್ತೀನಿ, ಸರಿಹೋಯ್ತು.

ಹೋದ ವಾರ ಇಲಿ ನುಂಗಿ ಎರಡು ದಿನ ಬಿಸಿ ಕಡೆ ಗೂಡಲ್ಲೇ ಬಿದ್ದಿತ್ತು, ಮೂರನೇ ರಾತ್ರಿ ತಾನಾಗೇ ಎದ್ದು ತಂಪು ಕಡೆಗೆ ಹೋಯ್ತು.