ಎತರ್‌ನೆಟ್ + 4ಜಿ ಅಲಾರಂ ಕಮ್ಯುನಿಕೇಟರ್: ವರ್ಷಗಟ್ಟಲೆ ಬಳಸಿದ ಮೇಲೆ

ಅಲಾರಂ ಪ್ಯಾನೆಲ್‌ನ ಸಿಗ್ನಲನ್ನು ಎತರ್‌ನೆಟ್ (ಲ್ಯಾನ್ ಕೇಬಲ್) ಮತ್ತು 4ಜಿ ಎಂಬ ಎರಡು ದಾರಿಗಳಲ್ಲಿ ಮಾನಿಟರಿಂಗ್ ಕೇಂದ್ರಕ್ಕೆ ಕಳಿಸುವ ಈ ಪೆಟ್ಟಿಗೆಯ ಬಗ್ಗೆ ನನ್ನದು ಒಳ್ಳೆಯ ಅಭಿಪ್ರಾಯವೇ. ಕೀಪ್ಯಾಡ್‌ನಲ್ಲಿ ‘ಕಮ್ಯುನಿಕೇಶನ್ ಟ್ರಬಲ್’ ಬಂದಾಗ ದೋಷ ಸಿಗುವುದು ಹೆಚ್ಚಾಗಿ ಅದರ ಹೊರಗೆ: ರೂಟರ್, ಆಂಟೆನಾ, ಬ್ಯಾಟರಿಯಲ್ಲಿ.

ಏನು ಮುಟ್ಟುವ ಮೊದಲೂ ಮಾನಿಟರಿಂಗ್ ಕೇಂದ್ರಕ್ಕೆ ಫೋನ್ ಮಾಡಿ ಅಕೌಂಟನ್ನು ಟೆಸ್ಟ್ ಮೋಡ್‌ಗೆ ಹಾಕಿಸಿ (ಆಗ ಬರುವ ಸಿಗ್ನಲನ್ನು ಅವರು ನಿಜವಾದ ಅಲಾರಂ ಎಂದು ತಿಳಿಯುವುದಿಲ್ಲ). ಆಮೇಲೆ ಎರಡು ದಾರಿಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ಲ್ಯಾನ್ ಕೇಬಲ್ ಕಿತ್ತು ಒಂದು ಜೋನ್ (ಸೆನ್ಸರ್ ವಿಭಾಗ) ಟ್ರಿಪ್ ಮಾಡಿ, ಸಿಗ್ನಲ್ 4ಜಿಯಲ್ಲಿ ಬಂತೇ ಎಂದು ಆಪರೇಟರನ್ನೇ ಕೇಳಿ. ಕೇಬಲ್ ಮತ್ತೆ ಹಾಕಿ, ಪ್ರೋಗ್ರಾಮಿಂಗ್‌ನಲ್ಲಿ 4ಜಿ ನಿಲ್ಲಿಸಿ ಇನ್ನೊಮ್ಮೆ ಮಾಡಿ. ಒಂದು ದಾರಿ ಸತ್ತಿದ್ದರೂ ಇನ್ನೊಂದು ಕೆಲಸ ಸಾಗಿಸುತ್ತಿರುತ್ತದೆ, ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಇವೆಂಟ್ ಲಾಗ್‌ನಲ್ಲಿ ಕಾಂಟ್ಯಾಕ್ಟ್ ಐಡಿ (ಅಲಾರಂ ಸಂದೇಶಗಳ ಸಾಮಾನ್ಯ ಸಂಕೇತಪದ್ಧತಿ) ಕೋಡ್ 350 ಕಂಡರೆ ಸಂಪರ್ಕ ದೋಷ, 354 ಆದರೆ ಸಂದೇಶ ತಲುಪಿಲ್ಲ. 602 ನಿಯಮಿತ ಟೆಸ್ಟ್ ವರದಿ.

ಅತಿ ಹೆಚ್ಚು ದಾರಿ ತಪ್ಪಿಸುವುದು ಬ್ಯಾಟರಿ. ಚಾರ್ಜರ್ ಜೋಡಿಸಿದ್ದಾಗ ಮೀಟರ್ 13.7 ವೋಲ್ಟ್ ತೋರಿಸುತ್ತದೆ, ಅದನ್ನು ನೋಡಿ ನೆಮ್ಮದಿಯಾಗಿರಬೇಡಿ. ಎಸಿ (ಮೇನ್ಸ್ ಕರೆಂಟ್) ತೆಗೆದು, ಪ್ಯಾನೆಲ್ ಟೆಸ್ಟ್ ಸಿಗ್ನಲ್ ಕಳಿಸುತ್ತಿರುವಾಗಲೇ ಟರ್ಮಿನಲ್‌ಗೆ ಮೀಟರ್ ಹಿಡಿಯಿರಿ. 4ಜಿ ಮಾಡ್ಯೂಲ್ ಪ್ರಸಾರದ ಕ್ಷಣದಲ್ಲಿ ಕರೆಂಟನ್ನು ಜೋರಾಗಿ ಎಳೆಯುತ್ತದೆ. ಹಳೆಯ 12 ವೋಲ್ಟ್ 7 ಎಎಚ್ ಬ್ಯಾಟರಿಯ ವೋಲ್ಟೇಜ್ ಆಗಲೇ ಕುಸಿದು, ಮಾಡ್ಯೂಲ್ ರೀಬೂಟ್ ಆಗುತ್ತದೆ. ಸಂದೇಶ ಅರ್ಧಕ್ಕೇ ನಿಂತಿತು. ಆ ಹೊತ್ತಿಗೆ 11.5 ವೋಲ್ಟ್‌ಗಿಂತ ಕೆಳಗೆ ಇಳಿದರೆ ನಾನು ಬ್ಯಾಟರಿ ಬದಲಿಸಿಬಿಡುತ್ತೇನೆ. ಹೇಗಿದ್ದರೂ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿಗೆ ಮೂರರಿಂದ ಐದು ವರ್ಷ ಆಯುಸ್ಸು. ರೂಟರ್‌ಗೂ ಯುಪಿಎಸ್ ಬೇಕು, ಇಲ್ಲದಿದ್ದರೆ ಕರೆಂಟ್ ಹೋದೊಡನೆ ಎತರ್‌ನೆಟ್ ದಾರಿ ಮುಚ್ಚಿಹೋಗುತ್ತದೆ.

ಅಲಾರಂ ಸರಿಯಾಗಿ ಹೋಗುತ್ತಿದ್ದೂ ಕೇಂದ್ರದಲ್ಲಿ ಆಗಾಗ ‘ಆಫ್‌ಲೈನ್’ ಎಂದು ಬರುತ್ತಿದ್ದರೆ ರೂಟರಿನ ನ್ಯಾಟ್ ಟೈಮ್‌ಔಟ್ (ಸುಮ್ಮನಿರುವ ಸಂಪರ್ಕವನ್ನು ರೂಟರ್ ಎಷ್ಟು ಹೊತ್ತು ನೆನಪಿಡುತ್ತದೆ ಎಂಬ ಅವಧಿ) ನೋಡಿ. ಪೆಟ್ಟಿಗೆ ಬಳಸುವ ಯುಡಿಪಿ ಎಂಬ ಬಗೆಯ ಸಂಪರ್ಕವನ್ನು ರೂಟರ್ 60 ಸೆಕೆಂಡಿಗೆ ಮರೆಯುತ್ತದೆ, ಹಾರ್ಟ್‌ಬೀಟ್ (‘ನಾನಿದ್ದೇನೆ’ ಎಂಬ ಪುಟ್ಟ ಸಂದೇಶ) 90 ಸೆಕೆಂಡಿಗೊಮ್ಮೆ ಹೋಗುತ್ತದೆ ಎಂದರೆ ಆ ನಡುವೆ ಕೇಂದ್ರ ಕಳಿಸುವ ಸಂದೇಶ ಒಳಗೆ ಬರದೆ ಬಿದ್ದುಹೋಗುತ್ತದೆ. ಹಾರ್ಟ್‌ಬೀಟ್ ಅವಧಿ ತಗ್ಗಿಸಿ.

4ಜಿಯಲ್ಲಿ ಕಡ್ಡಿಗಳನ್ನು ನಂಬಬೇಡಿ, ಆರ್‌ಎಸ್‌ಆರ್‌ಪಿ (ಟವರ್ ಸಿಗ್ನಲ್‌ನ ಬಲದ ಅಳತೆ) ಓದಿ. ಮೈನಸ್ 95 ಡಿಬಿಎಂ ಅಥವಾ ಅದಕ್ಕಿಂತ ಉತ್ತಮವಿದ್ದರೆ ಸಾಕು. ಮೈನಸ್ 110ರ ಆಸುಪಾಸಿನಲ್ಲಿ ಸಂದೇಶಗಳು ಮತ್ತೆ ಮತ್ತೆ ಪ್ರಯತ್ನಿಸುತ್ತಾ ತಡವಾಗುತ್ತವೆ. ಆಂಟೆನಾ ಲೋಹದ ಡಬ್ಬಿಯ ಒಳಗಿದ್ದರೆ ಮೊದಲು ಹೊರಗೆ ತನ್ನಿ.

ಫೋನ್ ಟೋನ್‌ಗಳ ಮೂಲಕ ಸಿಗ್ನಲ್ ಕಳಿಸುವ ಹಳೆಯ ಪ್ಯಾನೆಲ್ ಡಯಲರನ್ನು ಇಂಟರ್ನೆಟ್ ಫೋನ್ ಲೈನಿಗೆ ಜೋಡಿಸಿದವರಿಗೆ ಒಂದು ಮಾತು: ಜಿ.729 ಕೋಡೆಕ್ (ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನ) ಟೋನ್‌ಗಳನ್ನು ಹಿಂಡಿ ಕೆಡಿಸುತ್ತದೆ, ಜಿ.711 ಇರಲಿ.

ನನ್ನ ನಿಜವಾದ ತಕರಾರು ಒಂದೇ. ಎಷ್ಟೋ ಕಡೆ 24 ಗಂಟೆಗೊಮ್ಮೆ ಹೋಗುವ ಟೆಸ್ಟ್ ಸಿಗ್ನಲ್ ಒಂದನ್ನೇ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಟೆಸ್ಟ್ ಹೋದ ಮರುಕ್ಷಣ ಎರಡೂ ದಾರಿ ಕಡಿದರೆ ಕೇಂದ್ರಕ್ಕೆ ಗೊತ್ತಾಗುವುದು ಮರುದಿನ! ಎತರ್‌ನೆಟ್ ಸೂಪರ್‌ವಿಷನ್ ಅವಧಿಯನ್ನು (ದಾರಿ ಜೀವಂತವಿದೆಯೇ ಎಂದು ಕೇಂದ್ರ ನೋಡಿಕೊಳ್ಳುವ ಅವಧಿ) ಐದು ನಿಮಿಷಕ್ಕೆ ಇಳಿಸಲು ಕೇಳಿ. 4ಜಿಗೆ ಡೇಟಾ ಪ್ಲಾನ್ ನೋಡಿಕೊಂಡು ಗಂಟೆಗೊಮ್ಮೆಯಾದರೂ ಇಡಿಸಿ.