ಸಂತೆಪೇಟೆ, ಮಾರ್ಟ್, ಹತ್ತು ನಿಮಿಷದ ಆಪ್: ರೂಮ್ ಮಾಡಿಕೊಂಡಿರುವ ವಿದ್ಯಾರ್ಥಿಗೆ ಯಾವುದು ಅಗ್ಗ?

ಮೈಸೂರಿನಲ್ಲಿ ನಾಲ್ಕು ಜನ ಸೇರಿ ರೂಮ್ ಮಾಡಿ, ಎರಡು ಹೊತ್ತು ಅಡುಗೆ ಮಾಡಿಕೊಂಡು ಓದುವವರಿಗೆ ನನ್ನ ಮತ ಊರಿನ ಹಳೆಯ ದಿನಸಿ ಪೇಟೆಯಾದ ಸಂತೆಪೇಟೆಗೆ. ಅಕ್ಕಿ, ಬೇಳೆ, ಸಕ್ಕರೆ, ಬೆಲ್ಲ ಅಲ್ಲಿಂದ ಬರಲಿ. ಎಣ್ಣೆ, ಸೋಪು, ಟೀಪುಡಿ ಮಾರ್ಟಿನಿಂದ. ಆಪ್ ಇರಲಿ, ಆದರೆ ತಿಂಗಳ ಸಾಮಾನಿಗಲ್ಲ.

ಅಕ್ಕಿಯಿಂದ ಶುರು ಮಾಡೋಣ, ಹೆಚ್ಚು ತೂಕ ಅದರದ್ದೇ. ಒಬ್ಬರಿಗೆ ಹೊತ್ತಿಗೆ ನೂರು ಗ್ರಾಮಿನ ಮೇಲೆ ಸ್ವಲ್ಪ ಎಂದರೆ ತಿಂಗಳಿಗೆ ಆರೂವರೆ ಕೆ.ಜಿ. ನಾಲ್ವರಿಗೆ 26 ಕೆ.ಜಿ., ಸರಿಯಾಗಿ ಒಂದು ಮೂಟೆ. ಮೂಟೆ 25 ಇದ್ದದ್ದು 26 ಆದದ್ದು ಸುಮ್ಮನೆ ಅಲ್ಲ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಂತು. 25 ಕೆ.ಜಿ.ವರೆಗಿನ ಪ್ಯಾಕಿಗೆ ಮಾತ್ರ ಅದು ಅನ್ವಯ. ಗಿರಣಿಯವರು ಒಂದು ಕೆ.ಜಿ. ಹೆಚ್ಚು ತುಂಬಿ ತೆರಿಗೆಯಿಂದ ಹೊರಬಂದರು. ತೆರೆದ ಮೂಟೆಯಿಂದ ತೂಗಿ ಕೊಡುವ ಅಕ್ಕಿಗೂ ತೆರಿಗೆ ಇಲ್ಲ. ಮಾರ್ಟಿನ 5 ಕೆ.ಜಿ. ಚೀಲದ ಬೆಲೆಯಲ್ಲಿ ಆ ತೆರಿಗೆ ಸೇರಿಕೊಂಡೇ ಇರುತ್ತದೆ. ಹಾಗಾಗಿ ಅಂಗಡಿಯಲ್ಲಿ ಮೂಟೆಯ ದರ ಕೇಳುವಾಗ ಅದು 25ರದ್ದೋ 26ರದ್ದೋ ಎಂದು ಕೇಳಿ, ಭಾಗಿಸಿಯೇ ಹೋಲಿಸಬೇಕು.

ಸೋನಾ ಮಸೂರಿಯಲ್ಲಿ ಹೊಸ ಅಕ್ಕಿ ಅಗ್ಗ. ಆದರೆ ಕುಕ್ಕರಿನಲ್ಲಿ ಮುದ್ದೆಯಾಗುತ್ತದೆ, ಅನ್ನವೂ ಕಡಿಮೆ ಒದಗುತ್ತದೆ. ವರ್ಷ ಹಳೆಯದಾದರೆ ಒಂದು ಲೋಟಕ್ಕೆ ಎರಡೂವರೆ ಲೋಟದ ಮೇಲೆ ನೀರು ಹಿಡಿಯುತ್ತದೆ. ಕೆ.ಜಿ.ಗೆ ನಾಲ್ಕೈದು ರೂಪಾಯಿ ಹೆಚ್ಚಾದರೂ ಹಳೆಯದನ್ನೇ ತನ್ನಿ. ಮಳೆಗಾಲದಲ್ಲಿ ಮೂಟೆಯನ್ನು ನೆಲಕ್ಕೆ ತಾಗಿಸಿ ಇಟ್ಟರೆ ತೇವ ಹಿಡಿದು ಹುಳ ಬೀಳುತ್ತದೆ. ಮುಚ್ಚಳ ಬಿಗಿಯಾಗಿರುವ ಡ್ರಮ್ಮಿಗೆ ಸುರಿದು ಒಣಮೆಣಸಿನಕಾಯಿ ಹಾಕಿ.

ಬಿಡಿ ಬೇಳೆಯಲ್ಲಿ ಎಡವುವ ಜಾಗ ದರ್ಜೆ. ಒಂದೇ ಅಂಗಡಿಯಲ್ಲಿ ತೊಗರಿಬೇಳೆ ಮೂರು ದರಕ್ಕೆ ಇರುತ್ತದೆ. ಅತಿ ಅಗ್ಗದ್ದರಲ್ಲಿ ನುಚ್ಚು ಜಾಸ್ತಿ, ಹಳೆಯ ದಾಸ್ತಾನಾದರೆ ಬೇಯುವುದೂ ಇಲ್ಲ. ಉಳಿಸಿದ್ದೆಲ್ಲ ಗ್ಯಾಸಿಗೆ ಹೋಗುತ್ತದೆ. ನಡುವಿನದನ್ನು ಮೊದಲು ಅರ್ಧ ಕೆ.ಜಿ. ತಂದು ಬೇಯಿಸಿ ನೋಡಿ, ಆಮೇಲೆ ನಾಲ್ಕು ಕೆ.ಜಿ. ತೂಗಿಸಿ. ತಕ್ಕಡಿಯಲ್ಲಿ ಖಾಲಿ ಕವರ್ ಇಟ್ಟು ಸೊನ್ನೆ ಮಾಡಲು ಹೇಳುವುದಕ್ಕೆ ಸಂಕೋಚ ಬೇಡ. ಖಾರದ ಪುಡಿ, ಅರಿಶಿನ ಪುಡಿ ಮಾತ್ರ ಬಿಡಿಯಾಗಿ ಬೇಡ, ಕಲಬೆರಕೆ ಕಣ್ಣಿಗೆ ಕಾಣುವುದಿಲ್ಲ. ಬೆಲ್ಲಕ್ಕೆ ಪ್ಯಾಕೆಟ್ಟಿನ ಕಾಸು ಕೊಡುವುದಂತೂ ಮಂಡ್ಯದ ಪಕ್ಕದಲ್ಲಿ ಕೂತು ಮಾಡುವ ಕೆಲಸವಲ್ಲ.

ಇನ್ನು ಮಾರ್ಟು. ಎಣ್ಣೆಯ ಕಪಾಟಿನ ಮುಂದೆ ತಲೆ ಕೆಡುತ್ತದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಎಣ್ಣೆ, ಟೀಪುಡಿ, ಬಿಸ್ಕತ್ತು ಮೊದಲಾದವನ್ನು ಇಂತಿಷ್ಟೇ ಅಳತೆಯಲ್ಲಿ ಪ್ಯಾಕ್ ಮಾಡಬೇಕೆಂಬ ನಿಯಮ ಹಿಂದೆ ಇತ್ತು, ಈಗಿಲ್ಲ. ಅದು ಹೋದ ಮೇಲೆ 910ರ ಪಕ್ಕದಲ್ಲೇ 870, 850, 800, 750 ಗ್ರಾಮಿನ ಪೌಚುಗಳು ಬಂದು ಕೂತವು. ಎತ್ತರ, ಅಗಲ, ಚಿತ್ರ ಎಲ್ಲ ಹೆಚ್ಚುಕಡಿಮೆ ಒಂದೇ. ಕೈಯಲ್ಲಿ ಹಿಡಿದರೂ ನಲವತ್ತು ಗ್ರಾಮಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಲ್ಲವನ್ನೂ ‘ಒಂದು ಲೀಟರ್’ ಅಂದುಕೊಂಡೇ ಬುಟ್ಟಿಗೆ ಹಾಕಿಕೊಳ್ಳುತ್ತೇವೆ.

ಪ್ಯಾಕಿನ ಮೇಲೆ ಎಂಆರ್‌ಪಿ ಪಕ್ಕ ‘ಯೂನಿಟ್ ಸೇಲ್ ಪ್ರೈಸ್’ ಇದೆಯಲ್ಲ ಎನ್ನಬಹುದು. ಇದೆ, ಎಣ್ಣೆಗೆ ಉಪಯೋಗವಿಲ್ಲ. ಒಂದು ಕೆ.ಜಿ.ಗಿಂತ ಕಡಿಮೆ ಇರುವ ಪ್ಯಾಕಿಗೆ ಅದನ್ನು ಗ್ರಾಮಿನ ಲೆಕ್ಕದಲ್ಲಿ, ಎರಡೇ ದಶಮಾಂಶಕ್ಕೆ ಮುದ್ರಿಸುತ್ತಾರೆ. 870 ಗ್ರಾಂ ಪೌಚಿಗೆ 148 ರೂಪಾಯಿ, 910 ಗ್ರಾಂ ಪೌಚಿಗೆ 152 ರೂಪಾಯಿ ಎಂದಿಟ್ಟುಕೊಳ್ಳಿ. ಎರಡರ ಮೇಲೂ ಗ್ರಾಮಿಗೆ 0.17 ಎಂದೇ ಬರುತ್ತದೆ. ಕೆ.ಜಿ.ಗೆ ಹಾಕಿದರೆ ಮೊದಲನೆಯದು 170, ಎರಡನೆಯದು 167. ಅದೇ ಸಾಲಿನ 750 ಗ್ರಾಮಿನದು 132 ಎಂದು ನಗುತ್ತಾ ನಿಂತಿರುತ್ತದೆ, ಕೆ.ಜಿ.ಗೆ 176! ಸಾಲದ್ದಕ್ಕೆ ಅಚ್ಚಾಗಿರುವುದು ಎಂಆರ್‌ಪಿಯ ಲೆಕ್ಕ. ಮಾರ್ಟಿನವರು ಕೊಡುವ ರಿಯಾಯಿತಿ ಒಂದೊಂದು ಪೌಚಿಗೆ ಒಂದೊಂದು ಥರ ಇರುವುದರಿಂದ ಅದನ್ನು ನಂಬಿ ಹೋಲಿಸಿದರೆ ಉತ್ತರವೇ ಉಲ್ಟಾ ಆಗಬಹುದು.

ಮೊಬೈಲ್ ತೆಗೆದು, ಕಪಾಟಿನ ಪಟ್ಟಿಯಲ್ಲಿರುವ ಮಾರಾಟದ ದರವನ್ನು ಗ್ರಾಮಿನಿಂದ ಭಾಗಿಸಿ ಸಾವಿರದಿಂದ ಗುಣಿಸುವುದೊಂದೇ ದಾರಿ. ಲೀಟರಿನಲ್ಲಿ ಬರೆದದ್ದನ್ನು ಮೊದಲು 910ರಿಂದ ಗುಣಿಸಿ ಗ್ರಾಂ ಮಾಡಿಕೊಳ್ಳಿ, ಇಲ್ಲದಿದ್ದರೆ ಲೀಟರನ್ನೂ ಕೆ.ಜಿ.ಯನ್ನೂ ಬೆರೆಸಿದಂತಾಗುತ್ತದೆ. 5 ಲೀಟರ್ ಕ್ಯಾನ್ ಸಾಮಾನ್ಯವಾಗಿ ಅಗ್ಗ, ಪ್ರತಿ ಸಲ ಅಲ್ಲ. ಪೌಚಿಗೆ ಜೋರು ಆಫರ್ ಇರುವ ವಾರ ಕ್ಯಾನೇ ದುಬಾರಿ. ಟೀಪುಡಿ, ಬಟ್ಟೆ ಸೋಪಿನ ಪುಡಿಗೂ ಇದೇ ಲೆಕ್ಕ. ‘ಶೇ 20 ಹೆಚ್ಚುವರಿ ಉಚಿತ’ ಎಂದಿದ್ದರೆ ಆ ಹೆಚ್ಚುವರಿ ನಿವ್ವಳ ತೂಕದಲ್ಲಿ ಈಗಾಗಲೇ ಸೇರಿದೆಯೇ ನೋಡಿ.

ಮಾರ್ಟಿಗೆ ಹೋಗುವುದು ವಾರದ ನಡುವೆ, ಬೆಳಿಗ್ಗೆ. ಚೀಲ ಮನೆಯಿಂದಲೇ. ಬಿಲ್ಲನ್ನು ಕೌಂಟರ್ ಬಿಡುವ ಮೊದಲು ಓದಿ: ಕಪಾಟಿನಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು ಆಗುವುದು ಎಲ್ಲ ದೊಡ್ಡ ಅಂಗಡಿಗಳಲ್ಲೂ ಇದ್ದದ್ದೇ. ಬಸ್ ಖರ್ಚನ್ನೂ ಸೇರಿಸಿಕೊಳ್ಳಿ. ರೂಮಿನಲ್ಲಿರುವವರು ಹುಡುಗಿಯರಾದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಿಟಿ ಬಸ್ ಉಚಿತ. ಹೊರರಾಜ್ಯದ ಸಹಪಾಠಿಗೆ ಟಿಕೆಟ್ ಬೇಕು, ಆದ್ದರಿಂದ ಸಾಮಾನಿಗೆ ಅವಳನ್ನು ಕಳಿಸಬೇಡಿ.

ಆಪಿನಲ್ಲಿ ಸಾಮಾನಿನ ದರ ನೋಡುವುದು ವ್ಯರ್ಥ, ಕೊನೆಯ ಬಿಲ್ ನೋಡಬೇಕು. ಅರ್ಧ ಕೆ.ಜಿ. ಬೇಳೆಗೆ 75 ಎಂದಾಗ ಅಂಗಡಿಯ 150ಕ್ಕೆ ಸಮ ಎನಿಸುತ್ತದೆ. ಡೆಲಿವರಿ, ಹ್ಯಾಂಡ್ಲಿಂಗ್, ಬುಟ್ಟಿ ಚಿಕ್ಕದೆಂಬ ಶುಲ್ಕ, ಮಳೆ ಬಂದರೆ ಅದಕ್ಕೊಂದು, ಎಲ್ಲ ಸೇರಿ 35 ಆಯಿತೆನ್ನಿ, ಆ ಬೇಳೆ ಕೆ.ಜಿ.ಗೆ 220. ಶುಲ್ಕ ತಪ್ಪಿಸಲು ಅರವತ್ತು ರೂಪಾಯಿಯ ಚಿಪ್ಸ್ ಸೇರಿಸುವುದು ಅದಕ್ಕಿಂತ ದೊಡ್ಡ ದಂಡ. ಜ್ವರ ಬಂದ ರಾತ್ರಿ, ಪರೀಕ್ಷೆಯ ಹಿಂದಿನ ದಿನ, ಅಷ್ಟಕ್ಕೆ ಸಾಕು.

ತರಕಾರಿ ಎಂ.ಜಿ. ರಸ್ತೆ ಮಾರುಕಟ್ಟೆಯಲ್ಲಿ, ಸಂಜೆ ಕತ್ತಲಾಗುವ ಹೊತ್ತಿಗೆ. ಚೌಕಾಸಿ ಬಾರದವರಿಗೆ ಹಾಪ್‌ಕಾಮ್ಸ್.

ನಂದಿನಿ ಹಾಲು ಎಲ್ಲಿ ಕೊಂಡರೂ ಒಂದೇ ದರ. ‘ಕೂಲಿಂಗ್ ಚಾರ್ಜ್’ ಎಂದು ಎಂಆರ್‌ಪಿ ಮೇಲೆ ಕೇಳುವ ಹಕ್ಕು ಅಂಗಡಿಯವರಿಗಿಲ್ಲ.

ಒಬ್ಬರೇ ಇದ್ದು, ವಾರಕ್ಕೆ ಮೂರ್ನಾಲ್ಕು ಸಲ ಮಾತ್ರ ಒಲೆ ಹಚ್ಚುವವರಿಗೆ ಮೂಟೆಯೂ ಬೇಡ, ಮಾರ್ಟಿನ ಅಲೆದಾಟವೂ ಬೇಡ. ಬೀದಿ ಕೊನೆಯ ಅಂಗಡಿಯಲ್ಲಿ ಎರಡು ಕೆ.ಜಿ. ಅಕ್ಕಿ, ಕಾಲು ಕೆ.ಜಿ. ಬೇಳೆ ತೂಗಿಸಿದರೆ ಕೆ.ಜಿ.ಗೆ ಐದಾರು ರೂಪಾಯಿ ಹೆಚ್ಚು ಬೀಳಬಹುದು. ಬಸ್ಸಿಗೆ ಕೊಡುವ ದುಡ್ಡು ಅದಕ್ಕಿಂತ ಜಾಸ್ತಿ.