'20 ಬಾರ್' ಮಷಿನ್ ಕೊಳ್ಳುವ ಮುಂಚೆ ಬಾಸ್ಕೆಟ್ ತಿರುಗಿಸಿ ನೋಡಿ

ಮನೆಯಲ್ಲೇ ಎಸ್ಪ್ರೆಸೊ ಮಾಡಿಕೊಳ್ಳೋಣ ಅಂತ ಮಷಿನ್ ಹುಡುಕುತ್ತಿದ್ದೀರಾ? ದುಡ್ಡು ಕೊಡುವ ಮುಂಚೆ ಇದನ್ನು ಓದಿ.

ನಾನು ತಗೊಂಡಿದ್ದು ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ '20 ಬಾರ್' ಅಂತಿತ್ತು. ಬಾರ್ ಅಂದರೆ ಒತ್ತಡದ ಅಳತೆ. "ಸರ್, ಕೆಫೆ ಮಷಿನ್‌ದು ಬರೀ 9 ಬಾರ್. ಇದು ಡಬಲ್‌ಗಿಂತ ಜಾಸ್ತಿ" ಅಂದ ಮಾರುವ ಹುಡುಗ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಎಸ್ಪ್ರೆಸೊಗೆ ಬೇಕಾಗಿರುವುದೇ ಸುಮಾರು 9 ಬಾರ್ ಒತ್ತಡ. 20 ಅನ್ನುವುದು ಪಂಪಿನ ಗರಿಷ್ಠ ತಾಕತ್ತು, ಅಷ್ಟೇ. ಅದರಿಂದ ರುಚಿಗೆ ಏನೂ ಲಾಭವಿಲ್ಲ.

ಡೆಮೊದಲ್ಲಿ ಯಾವುದೋ ಪ್ಯಾಕೆಟ್ ಪುಡಿ ಹಾಕಿ ಗುಂಡಿ ಒತ್ತಿದರು. ಕಪ್ಪಿನ ತುಂಬ ದಪ್ಪ ನೊರೆ. ಮನೆಯಲ್ಲಿ ಚಿಕ್ಕಮಗಳೂರಿನ ತಾಜಾ ಹುರಿದ ಅರೇಬಿಕಾ ಹಾಕಿದರೂ ಅದೇ ನೊರೆ, ಕೆಳಗೆ ಕಹಿ ನೀರು. ಪುಡಿ ಬದಲಿಸಿದೆ, ಅಳತೆ ಬದಲಿಸಿದೆ. ರುಚಿ ಮಾತ್ರ ಜಪ್ಪಯ್ಯ ಅಂದರೂ ಬದಲಾಗಲಿಲ್ಲ.

ಗುಟ್ಟು ಇದ್ದದ್ದು ಪುಡಿ ತುಂಬುವ ತೂತಿನ ಬಟ್ಟಲು, ಅಂದರೆ ಬಾಸ್ಕೆಟ್‌ನಲ್ಲಿ. ಹಿಡಿಕೆಯಿಂದ ಬಿಡಿಸಿ ಬೆಳಕಿಗೆ ಹಿಡಿದೆ. ಒಳಗಡೆ ನೂರಾರು ಸಣ್ಣ ತೂತು. ತಿರುಗಿಸಿದರೆ ಹೊರಗಡೆ ಇನ್ನೊಂದು ತಗಡು, ಅದರ ನಡುವೆ ಸೂಜಿ ಮೊನೆಯಷ್ಟು ಒಂದೇ ತೂತು! ಕಾಫಿ ಅದರಿಂದ ಚಿಮ್ಮುವಾಗ ನೊರೆ ಏಳುತ್ತೆ. ವರ್ಷದ ಹಳೇ ಪುಡಿಗೂ ಏಳುತ್ತೆ. ನಿಜವಾದ ಕ್ರೆಮಾ, ಅಂದರೆ ಎಸ್ಪ್ರೆಸೊ ಮೇಲಿನ ನೊರೆ, ಬರುವುದು ತಾಜಾ ಬೀಜದೊಳಗಿನ ಗ್ಯಾಸು, ಎಣ್ಣೆಯಿಂದ. ಒಂದೇ ತಗಡಿರುವ ಬಾಸ್ಕೆಟ್‌ನಲ್ಲಿ ನೀರನ್ನು ತಡೆದು ಹಿಡಿಯುವ ಕೆಲಸ ಒತ್ತಿ ಕೂರಿಸಿದ ನುಣ್ಣನೆಯ ಪುಡಿಯದು. ಒಂಟಿ ತಗಡಿನ ಬಾಸ್ಕೆಟ್ ಕೊಡಿ ಅಂತ ಕೇಳಿದರೆ, "ಈ ಮಾಡೆಲ್‌ಗೆ ಬರಲ್ಲ ಸರ್" ಅಂದರು. ಮುಗೀತು ಕಥೆ.

ಫಿಲ್ಟರ್ ಕಾಫಿ ಪುಡಿಯನ್ನೂ ಹಾಕಬಹುದು ಅಂತ ಬೇರೆ ಹೇಳಿದ್ದರು. ನಮ್ಮ ಕಡೆ ಆ ಪುಡಿಯಲ್ಲಿ ಚಿಕೋರಿ ಇರುತ್ತೆ. ಬಿಸಿನೀರು ತಾಗಿದರೆ ಅಂಟಂಟಾಗಿ ಆ ಒಂದೇ ತೂತನ್ನು ಕಟ್ಟಿಹಾಕುತ್ತೆ. ಪಂಪು ಗೊರಗೊರ ಅನ್ನುತ್ತೆ, ಹನಿ ಬೀಳಲ್ಲ. ಆಗ ದಯವಿಟ್ಟು ಹಿಡಿಕೆ ತಿರುಗಿಸಬೇಡಿ. ಒಳಗೆ ಒತ್ತಡ ನಿಂತಿರುತ್ತೆ, ಬಿಸಿ ಗಸಿ ಮುಖಕ್ಕೇ ಸಿಡಿಯಬಹುದು. ನಮ್ಮ ಅಡುಗೆಮನೆ ಗೋಡೆ ಮೇಲೆ ಕಲೆ ಇನ್ನೂ ಇದೆ. ಸ್ವಿಚ್ ಆರಿಸಿ, ಪೂರ್ತಿ ತಣ್ಣಗಾಗಲು ಬಿಡಿ.

ಕೊನೆಗೆ ನೀರು ಬಿಸಿಯಾಗುವುದೇ ನಿಂತಿತು. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದೆ, ವಾರಂಟಿಗೆ ಬರಲ್ಲ ಅಂದರು ಸರ್ವಿಸ್‌ನವರು. ಈ ಮಾತು ಇದ್ದದ್ದು ಕಾರ್ಡಿನ ಹಿಂಬದಿಯ ಸಣ್ಣಕ್ಷರದಲ್ಲಿ. ಮಾರುವಾಗ ಯಾರೂ ಬಾಯಿ ಬಿಡಲಿಲ್ಲ.

ನೀವು ಹೋದಾಗ ಮೊದಲು ಒಂಟಿ ತಗಡಿನ ಬಾಸ್ಕೆಟ್ ಕೇಳಿ. ಬಾಸ್ಕೆಟ್ 58 ಮಿ.ಮೀ. ಅಳತೆಯದಾದರೆ ಬಿಡಿಭಾಗ ಸುಲಭವಾಗಿ ಸಿಗುತ್ತೆ. ಪಂಪಿಲ್ಲದೆ ಬರೀ ಹಬೆಯಲ್ಲಿ ನಡೆಯುವ ಅಗ್ಗದ ಮಷಿನ್‌ಗಳೂ ಎಸ್ಪ್ರೆಸೊ ಹೆಸರಲ್ಲಿ ಮಾರಾಟವಾಗುತ್ತವೆ. ಅದರಲ್ಲಿ ಬರುವುದು ಗಟ್ಟಿ ಡಿಕಾಕ್ಷನ್, ಅದು ಸಾಕು ಅನ್ನುವವರಿಗೆ ತೊಂದರೆಯಿಲ್ಲ. ಮಷಿನ್‌ಗೇ ಎಲ್ಲಾ ದುಡ್ಡು ಸುರಿಯದೆ ಬೀಜವನ್ನು ಒಂದೇ ಸಮ ಅರೆಯುವ ಒಳ್ಳೆಯ ಬರ್ ಗ್ರೈಂಡರ್‌ಗೆ ಎತ್ತಿಡಿ. ಮಿಕ್ಸಿಯಲ್ಲಿ ಒಂದಿಷ್ಟು ಧೂಳು, ಒಂದಿಷ್ಟು ತರಿ ಆಗುತ್ತೆ. ಡೆಮೊ ಕೊಡುವವರ ಮುಂದೆ ಪುಟ್ಟ ತಕ್ಕಡಿ ಇಡಿ: 18 ಗ್ರಾಂ ಪುಡಿಗೆ 25ರಿಂದ 30 ಸೆಕೆಂಡಿನಲ್ಲಿ ಸುಮಾರು 36 ಗ್ರಾಂ ಕಾಫಿ ಇಳಿಯಬೇಕು. ನೊರೆ ನೋಡಬೇಡಿ, ಕುಡಿದು ನೋಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಂಗಡಿಯವರು ಈಗ ಎಕ್ಸ್‌ಚೇಂಜ್ ಮಾತಾಡುತ್ತಿದ್ದಾರೆ, ಅದೂ ಅದೇ ಕಂಪನಿಯ ಇನ್ನೊಂದು '20 ಬಾರ್' ಮಷಿನ್‌ಗೆ.